ಕಿಟಕಿಯ ಪರವಾಗಿ ನಾನು ಗೆದ್ದ ಚರ್ಚೆ

ಕಾಲೇಜಿನ ದಿನಗಳಲ್ಲಿ ನಾನು ಸೋತ ಚರ್ಚೆಗಳೆಲ್ಲ ಮರೆತುಹೋಗಿವೆ. ಮನೆಯಲ್ಲಿ ಗೆದ್ದ ಒಂದು ಚರ್ಚೆ ನೆನಪಾದರೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ. ವಿಷಯ ಇಷ್ಟೇ: ಬೇಸಿಗೆಯ ಮಧ್ಯಾಹ್ನ ಕಿಟಕಿಗಳನ್ನು ತೆರೆದಿಡಬೇಕೋ, ಮುಚ್ಚಬೇಕೋ.

ನಾವು ರಾಯಚೂರು ಕಡೆಯವರು. ಅಪ್ಪ ಬ್ಯಾಂಕ್ ಅಧಿಕಾರಿ. ಅವರ ವರ್ಗಾವಣೆಯ ಬೆನ್ನು ಹಿಡಿದು ಹೋಗಿ ವಿಶಾಖಪಟ್ಟಣದ ಪಕ್ಕದ ಭೀಮುನಿಪಟ್ಟಣದಲ್ಲಿ ಆರು ವರ್ಷ ಇದ್ದೆವು. ಆ ಬಾಡಿಗೆ ಮನೆಯಿಂದ ಸಮುದ್ರ ಕಾಣುತ್ತಿರಲಿಲ್ಲ. ಅದರ ಗಾಳಿ ಮಾತ್ರ ಹನ್ನೊಂದು ಗಂಟೆಯ ಹೊತ್ತಿಗೆ ತಪ್ಪದೆ ಬರುತ್ತಿತ್ತು. ಅಮ್ಮ ನಡುಮನೆಯ ಕಿಟಕಿ, ಹಿತ್ತಲ ಬಾಗಿಲು ಎರಡನ್ನೂ ತೆರೆದಳೆಂದರೆ ಗೋಡೆಯ ಕ್ಯಾಲೆಂಡರ್ ಪಟಪಟ ಬಡಿದುಕೊಳ್ಳುತ್ತಿತ್ತು. ಕಿಟಕಿಯ ಸರಳು ತುಕ್ಕು ಹಿಡಿಯುತ್ತಿತ್ತು, ಡಬ್ಬಿಯ ಉಪ್ಪು ನೀರಾಗುತ್ತಿತ್ತು, ಆದರೆ ಸೆಕೆಯೆಂದು ಯಾರೂ ಒದ್ದಾಡಿದ್ದಿಲ್ಲ. ಮಧ್ಯಾಹ್ನ ಕಿಟಕಿ ತೆರೆಯುವುದು ನಮಗೆ ಹಲ್ಲುಜ್ಜಿದಷ್ಟೇ ಸಹಜ.

ಚರ್ಚೆಯ ಚಟ ಹತ್ತಿದ್ದೂ ಅಲ್ಲೇ. ನಾನು ಕಾಲೇಜು ತಂಡದಲ್ಲಿದ್ದೆ. ಸ್ಪರ್ಧೆಗೆ ಮನೆಯಲ್ಲೇ ಅಭ್ಯಾಸ. ಅಪ್ಪ ಸ್ಟೀಲ್ ಲೋಟಕ್ಕೆ ಚಮಚದಿಂದ ಒಮ್ಮೆ ಬಡಿದರೆ ಮಾತು ಶುರು, ಮೂರು ನಿಮಿಷಕ್ಕೆ ಇನ್ನೊಮ್ಮೆ ಬಡಿದರೆ ಮುಗಿಯಿತು. ಬರಬರುತ್ತ ಮನೆಯ ತಕರಾರುಗಳೆಲ್ಲ ಭಾನುವಾರ ಹೀಗೇ ತೀರ್ಮಾನವಾಗತೊಡಗಿದವು. ಟಿವಿ ಯಾವ ಗೋಡೆಗೆ, ದೀಪಾವಳಿಗೆ ಯಾವ ಊರಿಗೆ, ಎಲ್ಲಕ್ಕೂ ಲೋಟ, ಚಮಚ. “ನಮ್ಮ ಮನ್ಯಾಗ ಪ್ರಜಾಪ್ರಭುತ್ವ ಅದ ರೀ,” ಎಂದು ಅಪ್ಪ ಸಹೋದ್ಯೋಗಿಗಳ ಮುಂದೆ ಎದೆಯುಬ್ಬಿಸಿ ಹೇಳುತ್ತಿದ್ದರು.

ಆಮೇಲೆ ವಿಜಯವಾಡಕ್ಕೆ ವರ್ಗವಾಯಿತು. ಭವಾನಿಪುರಂನಲ್ಲಿ ಮೂರನೆಯ ಮಹಡಿ, ತಲೆಯ ಮೇಲೆ ಬರಿಯ ತಾರಸಿ. ಕೃಷ್ಣಾ ನದಿ ಹತ್ತಿರದಲ್ಲೇ ಇದೆ, ಗಾಳಿಗೇನು ಬರ ಎಂಬುದು ಅಪ್ಪನ ಲೆಕ್ಕ. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಒಲೆಯ ಮೇಲೆ, ಸೂರಿಗೆ ಹತ್ತಿರ, ಒಂದು ಗವಾಕ್ಷಿ ಇತ್ತು. ಅದಕ್ಕೂ ಪ್ಲೈವುಡ್ ಹೊಡೆದು ಗೋಡೆಯ ಬಣ್ಣವನ್ನೇ ಬಳಿದಿದ್ದರು. ಮೊದಲ ದಿನವೇ ಅಮ್ಮ ಕೇಳಿದ್ದಳು: “ಇದನ್ನ್ಯಾಕ ಮುಚ್ಚ್ಯಾರ?”

“ನೋಡೋಣು,” ಅಂದರು ಅಪ್ಪ. ನೋಡಲಿಲ್ಲ.

ಏಪ್ರಿಲ್‌ನಲ್ಲಿ ಅಪ್ಪನ ತಾಯಿ, ನನ್ನ ಅಜ್ಜಿ, ರಾಯಚೂರಿನಿಂದ ಬಂದಳು. ಬಂದ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಒಂದೊಂದೇ ಕಿಟಕಿ ಮುಚ್ಚುತ್ತ ಬಂದಳು. ಅವಳ ಹಿಂದೆಯೇ ನಾನು ತೆರೆಯುತ್ತ ಹೋದೆ. ಮೂರು ದಿನ ಇದೇ ಆಟ. ನಾಲ್ಕನೆಯ ದಿನ ಭಾನುವಾರ, ಅಪ್ಪ ಲೋಟ ತಂದಿಟ್ಟರು.

ಅಜ್ಜಿ ಮೊದಲು ಮಾತಾಡಿದಳು. “ಇಲ್ಲೇನು ಸಮುದ್ರ ಅದ ಏನವ್ವಾ? ಮಧ್ಯಾಹ್ನ ಬರೂದು ಗಾಳಿ ಅಲ್ಲ, ಝಳ. ಮುಂಜಾನಿ ಕಿಟಕಿ ಹಾಕ್ರಿ, ಸಂಜಿಮುಂದ ತಗೀರಿ. ರಾತ್ರಿ ತಂಪು ಒಳಗ ಕುಂದರ್ತದ. ಇಷ್ಟ ನನ್ನ ಮಾತು.”

“ಯವ್ವಾ, ಇನ್ನೂ ಎರಡೂವರಿ ನಿಮಿಷ ಅದ,” ಎಂದರು ಅಪ್ಪ.

“ಇಟ್ಕೋ ನೀನ.”

ನಾನು ಎದ್ದು ನಿಂತೆ. ಎದುರಾಳಿ ಎಪ್ಪತ್ತು ದಾಟಿದ ಮುದುಕಿ, ನಾನು ನಿಂತದ್ದು ಮಾತ್ರ ವೇದಿಕೆಯ ಮೇಲೆ ನಿಂತ ಹಾಗೆ. ಮೊದಲನೆಯದಾಗಿ, ಮುಚ್ಚಿದ ಮನೆಯಲ್ಲಿ ಗಾಳಿ ಕೆಡುತ್ತದೆ. ಎರಡನೆಯದಾಗಿ, ರಾಯಚೂರಿನ ದಪ್ಪ ಕಲ್ಲುಗೋಡೆಯ ನಿಯಮ ಕಾಂಕ್ರೀಟಿಗೆ ಅನ್ವಯಿಸದು. ಮೂರನೆಯದಾಗಿ, ಆರು ವರ್ಷ ನಾವು ಕಿಟಕಿ ತೆರೆದೇ ತಣ್ಣಗಿದ್ದೆವು. “ಅಜ್ಜೀ, ನಿಂದು ಬರೀ ಅನುಭವ. ಅನುಭವ ಪುರಾವೆ ಆಗಲ್ಲ.” ನನ್ನ ಮೂರನೆಯ ಅಂಶವೂ ಬರಿಯ ಅನುಭವವೇ ಎಂದು ಯಾರೂ ಹಿಡಿಯಲಿಲ್ಲ. ನನಗೆ ಆ ಕ್ಷಣವೇ ಗೊತ್ತಿತ್ತು. ಎದುರಾಳಿ ಹಿಡಿಯದ ತಪ್ಪು ತಪ್ಪೇ ಅಲ್ಲ ಎಂಬುದು ನಮ್ಮ ತಂಡದ ಪಾಠ.

ಅಪ್ಪ ನನ್ನ ಪರ ತೀರ್ಪು ಕೊಟ್ಟರು.

“ಗೆದ್ದಿ ಬಿಡವ್ವಾ. ಬಾಯಿ ಛಲೋ ಅದ ನಿಂದು. ಕನ್ನಡ ಅರ್ಧ ತೆಲುಗು ಆಗ್ಯದ, ಆದ್ರ ಬಾಯಿ ಛಲೋ ಅದ,” ಎಂದಳು ಅಜ್ಜಿ.

ಅಮ್ಮ ಎಲ್ಲಿದ್ದಳು? ಒಳಗೆ, ಕಿಟಕಿಯಿಲ್ಲದ ಅಡುಗೆಮನೆಯಲ್ಲಿ, ವಾದಿ ಪ್ರತಿವಾದಿ ನ್ಯಾಯಾಧೀಶರಿಗೆಲ್ಲ ಚಹಾ ಸೋಸುತ್ತಿದ್ದಳು. ಇಡೀ ದಿನ ಮನೆಯೊಳಗೆ ಇರುವವಳು ಅವಳೊಬ್ಬಳು. ನಾನು ಕೆಲಸಕ್ಕೆಂದು ಹೊರಗೆ, ಅಪ್ಪ ಬ್ಯಾಂಕಿನ ಎಸಿಯಲ್ಲಿ. ಅವಳಿಗೆ ಒಂದು ನಿಮಿಷವನ್ನೂ ಯಾರೂ ಕೊಡಲಿಲ್ಲ. ಪ್ರಜಾಪ್ರಭುತ್ವವಂತೆ!

ಮೇ ತಿಂಗಳ ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ನಡುಮನೆಯ ಕಿಟಕಿಗಳೆಲ್ಲ, ತೀರ್ಪಿನ ಪ್ರಕಾರ, ಹಾರುಹೊಡೆದಿದ್ದವು. ಒಳಗೆ ನುಗ್ಗುವ ಬಿಸಿಗಾಳಿಗೆ ಪರದೆ ಸೆಟೆದು ನಿಂತಿತ್ತು. ಆ ಗಾಳಿಗೆ ಗ್ಯಾಸಿನ ಉರಿ ಆರುತ್ತದೆಂದು ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡಿದ್ದಳು. ಮೇಲೆ ಪ್ಲೈವುಡ್, ಇಲ್ಲಿ ಬಾಗಿಲು, ನಡುವೆ ಒಲೆ. ಸೀದ ವಾಸನೆ ಬಂದು ಬಾಗಿಲು ತಳ್ಳಿದೆ. ಹಂಚಿನ ಮೇಲೆ ಜೋಳದ ರೊಟ್ಟಿ ಕರಕಲಾಗಿತ್ತು. ಅಮ್ಮ ನೆಲದ ಮೇಲೆ, ಸಿಲಿಂಡರಿಗೆ ಒರಗಿ, ಕೈಗೆ ಮೆತ್ತಿದ ಹಿಟ್ಟಿನ ಸಮೇತ ಕೂತಿದ್ದಳು. ಕಣ್ಣುಗಳು ತೆರೆದಿದ್ದವು, ನನ್ನನ್ನು ನೋಡುತ್ತಿರಲಿಲ್ಲ. ಮೈ ಮುಟ್ಟಿದರೆ ಸುಡುತ್ತಿತ್ತು.

ನಾನು ಮಾತಿನವಳು, ಬಾಗಿಲಲ್ಲೇ ನಿಂತುಬಿಟ್ಟೆ. ಅಜ್ಜಿ ನನ್ನನ್ನು ಪಕ್ಕಕ್ಕೆ ದೂಡಿ ಬಂದು ಒಲೆ ಆರಿಸಿದಳು, ಅಮ್ಮನ ಸೀರೆ ಸಡಿಲಿಸಿದಳು, ಕೊಡದ ನೀರನ್ನು ತಲೆಯ ಮೇಲೆ ಸುರಿದಳು. “ನಿಂತು ನೋಡ್ತಿ ಏನ? ಆಟೋ ಕರಿ!”

ಬೀದಿ ತಿರುವಿನ ಆಸ್ಪತ್ರೆಯಲ್ಲಿ ಒಂದು ರಾತ್ರಿ ಇರಿಸಿಕೊಂಡರು. ಬೆಳಿಗ್ಗೆ ಡಾಕ್ಟರು ತೆಲುಗಿನಲ್ಲಿ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಎಲ್ಲಿದ್ದರು? ಅಡುಗೆಮನೆಯಲ್ಲಿ. ಆ ಕೋಣೆಯ ಬಿಸಿ ಎಲ್ಲಿಂದ ಹೊರಗೆ ಹೋಗುತ್ತದೆ? ಗವಾಕ್ಷಿಗೆ ಪ್ಲೈವುಡ್ ಹೊಡೆದಿದೆ ಎಂದೆ. ಇನ್ನೊಂದು ಸಲ ಹೀಗಾದರೆ ಇಷ್ಟಕ್ಕೆ ನಿಲ್ಲುವುದಿಲ್ಲ ಎಂದರು.

ಸಿಟ್ಟನ್ನೆಲ್ಲ ಹೊತ್ತುಕೊಂಡು, ಆ ಪ್ಲೈವುಡ್ ತೆಗೆಸಿ ಎನ್ನಲು ನೆಲಮಹಡಿಯ ಮನೆ ಮಾಲೀಕರ ಬಳಿ ಹೋದೆ. ನನ್ನ ಮೇಲಿನ ಸಿಟ್ಟನ್ನು ಅವರ ಮೇಲೆ ಹಾಕುವುದು ಸುಲಭವಿತ್ತು. ಅವರೂ ಅದಕ್ಕೆ ಯೋಗ್ಯರೇ ಆಗಿದ್ದರು. ಅವರು ನಮ್ಮ ಬಾಗಿಲವರೆಗೆ ಹತ್ತಿ ಬಂದರು, ಚಪ್ಪಲಿ ಬಿಡಲಿಲ್ಲ.

“ವಾಸ್ತು ಅಮ್ಮಾ, ವಾಸ್ತು. ಆ ಗವಾಕ್ಷಿಯಿಂದ ನಮ್ಮ ಹುಡುಗನ ಮದುವೆ ನಿಂತುಹೋಗಿತ್ತು. ಮುಚ್ಚಿದ ವರ್ಷವೇ ಆಯಿತು,” ಎಂದು ತೆಲುಗಿನಲ್ಲಿ ಹೇಳಿದರು.

“ಪ್ಲೈವುಡ್ಡಿನಿಂದಲೇ ಆಯಿತು ಅಂತ ಹೇಗೆ ಗೊತ್ತು ಅಂಕಲ್? ಅದೇ ವರ್ಷ ನಿಮ್ಮ ಹುಡುಗನಿಗೆ ಕೆಲಸವೂ ಸಿಕ್ಕಿತು ಅಂತ ನೀವೇ ಹೇಳಿದ್ದಿರಲ್ಲ? ಕೆಲಸ ನೋಡಿ ಹೆಣ್ಣು ಕೊಟ್ಟರೋ, ಹಲಗೆ ನೋಡಿಯೋ?”

“ಓದಿದವರ ಹತ್ತಿರ ಮಾತಾಡಿ ಗೆಲ್ಲೋಕಾಗಲ್ಲಮ್ಮಾ. ಎಸಿ ಹಾಕಿಸಿಕೊಳ್ಳಿ.”

“ಒಲೆಯ ಮುಂದೆಯಾ?”

ಅಪ್ಪ ಸೋಫಾದಲ್ಲಿ ಕೂತು ಒಮ್ಮೆ ನನ್ನತ್ತ, ಒಮ್ಮೆ ಅವರತ್ತ ತಲೆಯಾಡಿಸುತ್ತಿದ್ದರು. ನಾನು ಎರಡನೆಯ ಅಂಶಕ್ಕೆ ಬಂದಿದ್ದೆ. ಆಗ ಒಳಗಿನಿಂದ ಹಲಗೆ ಸೀಳುವ ಸದ್ದು ಕೇಳಿತು.

ಎಲ್ಲರೂ ಓಡಿದೆವು. ಆಸ್ಪತ್ರೆಯಿಂದ ಬಂದು ವಾರವೂ ಆಗಿರದ ಅಮ್ಮ ಒಲೆಯ ಕಟ್ಟೆಗೆ ಒತ್ತಿಟ್ಟ ಸ್ಟೂಲಿನ ಮೇಲೆ ನಿಂತು, ಸೆರಗು ಸೊಂಟಕ್ಕೆ ಬಿಗಿದು, ಸ್ಕ್ರೂಡ್ರೈವರಿನಿಂದ ಪ್ಲೈವುಡ್ ಮೀಟುತ್ತಿದ್ದಳು. ಅಜ್ಜಿ ಎರಡೂ ಕೈಯಿಂದ ಸ್ಟೂಲು ಹಿಡಿದಿದ್ದಳು. ಹಲಗೆ ದಡಾರನೆ ಬಿತ್ತು. ಹಿಂದೆಯೇ ಪಾರಿವಾಳದ ಪುಕ್ಕ, ಕಡ್ಡಿ, ಮಣ್ಣು. ಬಿಸಿಲಿನ ಒಂದು ತುಂಡು ಹಂಚಿನ ಮೇಲೆ ಬಂದು ಕೂತಿತು. ಕುದಿಯುತ್ತಿದ್ದ ಬೇಳೆಯ ಆವಿ ಎಲ್ಲೆಡೆ ಹರಡುವುದನ್ನು ಬಿಟ್ಟು ಆ ಕಿಂಡಿಯತ್ತ ವಾಲಿತು.

ಅಮ್ಮ ಮಾಲೀಕರ ಕಡೆ ತಿರುಗಿ ತನ್ನ ಹರುಕು ತೆಲುಗಿನಲ್ಲಿ ಹೇಳಿದಳು: “ಅನ್ನಯ್ಯಗಾರೂ, ಗಾಲಿ ವಸ್ತುಂದಿ. ರಂಡಿ, ನಿಲಬಡಂಡಿ.” ಗಾಳಿ ಬರುತ್ತಿದೆ, ಬನ್ನಿ, ಇಲ್ಲಿ ನಿಲ್ಲಿ.

ಅವರು ನಿಲ್ಲಲಿಲ್ಲ. ಮೂಗಿಗೆ ಟವೆಲ್ ಹಿಡಿದು, ವಾಸ್ತುವಿನವರನ್ನು ಕೇಳಿ ಹೇಳುತ್ತೇನೆ ಎಂದು ಇಳಿದುಹೋದರು. ಇನ್ನೂ ಕೇಳುತ್ತಲೇ ಇದ್ದಾರೆ. ಆ ಕಿಂಡಿಗೆ ಅಪ್ಪ ಎಕ್ಸಾಸ್ಟ್ ಫ್ಯಾನ್ ಕೂರಿಸಿದರು. ತಾರಸಿಗೆ ಅಜ್ಜಿ ಹೇಳಿದಂತೆ ಸುಣ್ಣ ಬಳಿದೆವು. ಕಿಟಕಿಗಳನ್ನು ಒಂಬತ್ತಕ್ಕೆ ಮುಚ್ಚಿ, ಬಿಸಿಲು ಇಳಿದ ಮೇಲೆ ತೆರೆಯುತ್ತೇವೆ. “ನಾ ಹೇಳಿರಲಿಲ್ಲೇನು” ಎಂದು ಅಜ್ಜಿ ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಮರುವಾದ ಹೂಡಿ ಹಗುರಾಗುತ್ತಿದ್ದೆನೇನೋ. ಅದಕ್ಕೂ ಅವಕಾಶ ಕೊಡಲಿಲ್ಲ.

ಮುಂದಿನ ಭಾನುವಾರ ಅಪ್ಪ ಯಾವುದೋ ಮಾತಿಗೆ ಲೋಟ, ಚಮಚ ಎತ್ತಿಕೊಂಡರು. “ಲೋಟ ತೊಳೀಬೇಕು, ಕೊಡ್ರಿ ಇಲ್ಲಿ,” ಎಂದು ಅಮ್ಮ ಅವರ ಕೈಯಿಂದ ಇಸಿದುಕೊಂಡು ಹೋದಳು. ಮತ್ತೆ ಅದು ಹೊರಗೆ ಬರಲಿಲ್ಲ.

ರೊಟ್ಟಿ ಈಗ ಬೆಳಿಗ್ಗೆ ಏಳಕ್ಕೇ ಆಗಿಬಿಡುತ್ತದೆ. ಮಧ್ಯಾಹ್ನಕ್ಕೆ ಖಡಕ್ ಆಗಿರುತ್ತದೆ, ಮುರಿದು ತಿನ್ನುತ್ತೇವೆ. ಅಜ್ಜಿಗೆ ಮೊದಲಿನಿಂದಲೂ ಖಡಕ್ ರೊಟ್ಟಿಯೇ ಇಷ್ಟ. ಅಪ್ಪನ ಊಟ ಬ್ಯಾಂಕಿನಲ್ಲಿ. ಹಾಗಾದರೆ ಮೇ ತಿಂಗಳ ನಡುಮಧ್ಯಾಹ್ನ ಹಂಚಿನಿಂದ ಇಳಿದ ಬಿಸಿ ರೊಟ್ಟಿ ಯಾರಿಗೆ ಬೇಕಾಗಿತ್ತು? ನನಗೆ. ಆ ಮೂರು ನಿಮಿಷಗಳಲ್ಲಿ ನಾನು ಇದೊಂದನ್ನು ಹೇಳಿರಲಿಲ್ಲ.