ಹೆಗ್ಡೆಯವರು, ಸುಬೇದಾರರು ಮತ್ತು ನನ್ನ ಹೊಟ್ಟೆಕಿಚ್ಚು

ಮೊನ್ನೆ ಮಗಳು ಮೂಡುಬಿದಿರೆ ಪೇಟೆಯಿಂದ ನನಗೊಂದು ಜೊತೆ ಚರ್ಮದ ಚಪ್ಪಲಿ ತಂದಳು. ಜೊತೆಗೆ ಒಂದು ಡಬ್ಬಿ ಕಪ್ಪು ಪಾಲಿಶ್. ಎಂಬತ್ತು ದಾಟಿದವನ ಕಾಲನ್ನು ನೋಡುವವರು ಯಾರು ಎಂದು ಗೊಣಗುತ್ತಲೇ ಡಬ್ಬಿಯ ಮುಚ್ಚಳ ತೆಗೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದೆಯ ಎಡಗಡೆ ಚುರುಕ್ ಎಂದಿತು. ಡಾಕ್ಟರು ನನ್ನನ್ನು ಹೆದರಿಸಿಟ್ಟಿರುವ ಜಾಗವೇ ಅದು. ಆದರೆ ಈ ನೋವಿಗೆ ಅವರ ಹತ್ತಿರ ಮದ್ದಿಲ್ಲ. ಹೊಟ್ಟೆಕಿಚ್ಚು ಎಂದು ಹೆಸರಾದರೂ ನನಗದು ಏಳುವುದು ಎದೆಯಲ್ಲಿ. ಸುಮಾರು ಅರುವತ್ತು ವರ್ಷ ಹಳೆಯದು. ಇಷ್ಟು ಕಾಲ ಹಾಳಾಗದೆ ಉಳಿದ ವಸ್ತು ನನ್ನ ಬಳಿ ಬೇರೊಂದಿಲ್ಲ.

ನಾನು ಹುಟ್ಟಿದ್ದು ಬಂಟ್ವಾಳದಲ್ಲಿ, ಹೊಳೆಬದಿಯ ಪೇಟೆಯಲ್ಲಿ. ಓದು ಮುಗಿಸಿ ಪಂಚಾಯತಿ ಗುಮಾಸ್ತನಾಗಿ ಸೇರಿದ್ದು ಬೆಳ್ತಂಗಡಿಯ ಆಚೆ, ಕಕ್ಕಿಂಜೆಗೆ ಹತ್ತಿರದ ಒಂದು ಊರಿನಲ್ಲಿ. ಅರುವತ್ತರ ದಶಕದ ಆರಂಭ ಅದು. ಬಸ್ಸಿನಿಂದ ಇಳಿದು ಟ್ರಂಕು ಹಿಡಿದು ನಿಂತಿದ್ದ ನನ್ನನ್ನು ಎದುರುಗೊಂಡದ್ದು ಪಂಚಾಯತಿ ಅಧ್ಯಕ್ಷ ಮಂಜಪ್ಪ ಹೆಗ್ಡೆಯವರು. "ಪೇಟೆಯವರು ನೀವು, ಇಲ್ಲಿ ಬೇಜಾರಾದರೆ ನಮ್ಮಲ್ಲಿಗೆ ಬನ್ನಿ" ಎಂದರು. ನಾನು ಅದೇ ಸಂಜೆ ಹೋದೆ, ಮರುದಿನವೂ ಹೋದೆ. ತಿಂಗಳೊಳಗೆ 'ನೀವು' ಹೋಗಿ 'ನೀನು' ಆಗಿತ್ತು. ಅವರ ಜಗಲಿಯ ಕಂಬದ ಪಕ್ಕ ನಾನು ಕೂರುವ ಜಾಗದಲ್ಲಿ ಬೇರೆಯವರು ಕೂತರೆ, ಅದು ಅಧ್ಯಕ್ಷರಿಗೇ ಆದ ಅವಮಾನವೆಂದು ನಾನು ತಿಳಿಯುತ್ತಿದ್ದೆ.

ಹೆಗ್ಡೆಯವರು ಯಾರಿಗೂ 'ಇಲ್ಲ' ಎಂದದ್ದನ್ನು ನಾನು ಕೇಳಿಲ್ಲ. ಯಾರನ್ನಾದರೂ ಒಂದು ಕೆಲಸಕ್ಕೆ ಒಪ್ಪಿಸಬೇಕಾದರೆ ಅವರ ಮನೆಗೆ ನಡೆದೇ ಹೋಗುವರು. ಹೋಗಿ ಎಲೆ ಅಡಿಕೆಯ ಹರಿವಾಣ ಎಳೆದುಕೊಂಡು, ದನ ಕರು ಹಾಕಿತಾ, ಮಗಳು ಬಾಣಂತನಕ್ಕೆ ಬಂದಳಾ ಎಂದು ಎರಡು ಗಂಟೆ ಮಾತಾಡುವರು. ಬಂದ ವಿಷಯ ಹೊರಬೀಳುವುದು ಅವರು ಎದ್ದು ಕೊಡೆ ಹಿಡಿದ ಮೇಲೆ, ಅದೂ ಮನೆಯವನ ಬಾಯಿಂದ. "ನಾವು ಹೀಗೆ ಮಾಡಿದರೆ ಹೇಗೆ ಹೆಗ್ಡೇರೇ" ಎಂದು ಅವನೇ ಹೇಳಬೇಕು. "ಹೌದಲ್ಲ ಮಾರಾಯ, ಇದು ನನಗೆ ಹೊಳೆಯಲೇ ಇಲ್ಲ" ಎಂದು ಹೆಗ್ಡೆಯವರು ಆಶ್ಚರ್ಯಪಡುವರು. ಅವರ ಆ ಆಶ್ಚರ್ಯವನ್ನು ನಾನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದುಂಟು. ನನ್ನ ಮುಖದಲ್ಲಿ ಅದು ಹಲ್ಲುನೋವಿನಂತೆ ಕಾಣುತ್ತಿತ್ತು.

ಹೀಗೆ ಇರುವಾಗ ಊರಿಗೆ ಸುಬೇದಾರ್ ಲಿಂಗಪ್ಪ ಗೌಡರು ಮರಳಿ ಬಂದರು. ಇದೇ ಮಣ್ಣಿನವರು, ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದು ನಿವೃತ್ತರಾಗಿ ಬಂದದ್ದು. ನಾನು ಪಂಚಾಯತಿ ಕಚೇರಿಗೆ ಹೋಗುವ ದಾರಿಯಲ್ಲೇ ಅವರ ಮನೆ. ಬೆಳಿಗ್ಗೆ ಮೆಟ್ಟಿಲಿನ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಹೊರಗೆ ಹೋಗುವುದಕ್ಕಿಲ್ಲದ ದಿನವೂ ಹಾಕುತ್ತಿದ್ದರು. ನೆಟ್ಟಗಿನ ಬೆನ್ನು, ಕಡಿಮೆ ಮಾತು. ಅವರು ನಡೆದು ಹೋದರೆ ಅಂಗಡಿಯ ಬೆಂಚಿನಲ್ಲಿ ಕೂತವರು ಯಾರೂ ಹೇಳದೆ ಎದ್ದು ನಿಲ್ಲುತ್ತಿದ್ದರು. ನಾನೂ ಒಂದು ಸಲ ಎದ್ದೆ. ಎದ್ದ ಮೇಲೆ ನನ್ನ ಮೇಲೇ ಸಿಟ್ಟು ಬಂದು, ಎದ್ದದ್ದು ಬೆಂಕಿಪೊಟ್ಟಣ ತೆಗೆದುಕೊಳ್ಳಲಿಕ್ಕೆ ಎಂಬಂತೆ ನಟಿಸಿದೆ. ನಾನು ಬೀಡಿ ಸೇದುವವನಲ್ಲ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಒಂದು ಸಂಜೆ ಹೆಗ್ಡೆಯವರ ಜಗಲಿಗೆ ಹೋದರೆ ಅವರಿಲ್ಲ. "ಸುಬೇದಾರ್ರಲ್ಲಿಗೆ ಚಾ ಕುಡಿಯಲು ಹೋಗಿದ್ದಾರೆ" ಎಂದರು ಒಳಗಿನಿಂದ. ಮರುದಿನವೂ ಅದೇ. ಮೂರನೆಯ ದಿನ ಹೆಗ್ಡೆಯವರು ನನ್ನನ್ನೂ ಕರೆದುಕೊಂಡು ಹೋದರು. ಸುಬೇದಾರರು ಹಿಮದಲ್ಲಿ ಕಾವಲು ನಿಂತ ಕತೆ ಹೇಳುತ್ತಿದ್ದರೆ ಹೆಗ್ಡೆಯವರು ಬಾಯಿ ತೆರೆದು ಕೇಳುತ್ತಿದ್ದರು. ಆ ಮುಖದಲ್ಲಿದ್ದದ್ದು ನಿಜವಾದ ಆಶ್ಚರ್ಯ. ನಾನು ನಾಲ್ಕು ವರ್ಷ ಪಕ್ಕದಲ್ಲಿ ಕೂತು, ಅವರ ಭಾಷಣ ಬರೆದುಕೊಟ್ಟು, ಅವರ ಕೊಡೆ ಹಿಡಿದರೂ ನನ್ನಿಂದ ಒಮ್ಮೆಯೂ ಅದನ್ನು ಹುಟ್ಟಿಸಲಾಗಲಿಲ್ಲ. ಓದುಗರೇ, ಮದುವೆಯಾದ ಗಂಡಸು ಬೇರೆ ಮನೆಗೆ ಹೋದಾಗ ಹೆಂಡತಿಗೆ ಏನಾಗುತ್ತದೆಂದು ಕೇಳಿದ್ದೇನೆ. ನನಗೆ ಮದುವೆಗೆ ಮೊದಲೇ ಅದರ ಅನುಭವವಾಯಿತು.

ಆ ಊರಿನಲ್ಲಿ ಪ್ರತಿವರ್ಷ ಮಳೆಗಾಲ ಮುಗಿದು ಹೊಳೆ ಸಣ್ಣದಾದ ಮೇಲೆ ಅದಕ್ಕೆ ಅಡ್ಡ ಕಟ್ಟ ಕಟ್ಟುವ ಕ್ರಮ. ಗೂಟ ಹೊಡೆದು, ಕಲ್ಲು, ಸೊಪ್ಪು, ಮಣ್ಣು ತುಂಬಿಸಿ ನೀರು ನಿಲ್ಲಿಸುವುದು. ಅದು ತೋಡಿನ ಕಾಲುವೆಯಲ್ಲಿ ಹರಿದು ಎರಡೂ ಕರೆಯ, ಅಂದರೆ ಎರಡೂ ದಡದ ಸುಗ್ಗಿ ಬೆಳೆಗೆ ಸಿಗಬೇಕು. ಎಲ್ಲರೂ ಸೇರಿ ಮಾಡುವ ಕೆಲಸ, ಆದ್ದರಿಂದ ಎಲ್ಲರದ್ದೂ ಒಂದೊಂದು ತಕರಾರು. ಹೆಗ್ಡೆಯವರು ಮನೆಮನೆ ನಡೆದು, ಎಲೆ ತಿಂದು, ಒಪ್ಪಿಸಿ ಮುಗಿಸುವಷ್ಟರಲ್ಲಿ ಒಂದು ತಿಂಗಳು ಹೋಗುತ್ತಿತ್ತು. ಆ ವರ್ಷ ಅವರು, "ಸುಬೇದಾರ್ರೇ, ಈ ಸಲ ನೀವು ನೋಡಿಕೊಳ್ಳಿ" ಎಂದುಬಿಟ್ಟರು.

"ಎರಡು ದಿನ ಸಾಕು. ಈಚೆಕರೆಯವರು ಈಚೆಯಿಂದ, ಆಚೆಕರೆಯವರು ಆಚೆಯಿಂದ. ನಡುವಿನಲ್ಲಿ ಕೂಡಿಸುವ" ಎಂದರು ಸುಬೇದಾರರು. ನೀರು ಬರುವ ದಿನವನ್ನೂ ಹೇಳಿದರು. ಅದನ್ನು ನಂಬಿ ಎರಡೂ ಕರೆಯ ಜನ ನೇಜಿಗೆ, ಅಂದರೆ ನಾಟಿಯ ಸಸಿಗೆ ಬಿತ್ತನೆಯನ್ನೂ ಮಾಡಿದರು. ಹೆಗ್ಡೆಯವರಿಗೆ ಬೆಳ್ತಂಗಡಿಯಲ್ಲಿ ತಾಲೂಕಿನ ಸಭೆ ಇತ್ತು, ಹೊರಟುಹೋದರು. ಸುಬೇದಾರರು ನನ್ನನ್ನು ಕರೆದು, "ಗುಮಾಸ್ತರೇ, ಆಚೆಕರೆಯವರನ್ನು ಕೆಲಸಕ್ಕೆ ಕರೆಯುವ ಹೇಳಿಕೆ ನಿಮ್ಮ ಜವಾಬ್ದಾರಿ. ಸೋಮವಾರ ಬೆಳಿಗ್ಗೆ ಆರು ಗಂಟೆಗೆ, ಹನ್ನೆರಡು ಜನ" ಎಂದರು. ಅಷ್ಟೇ. ಚಾ ಕೊಡಲಿಲ್ಲ, ನನ್ನ ಅಭಿಪ್ರಾಯ ಕೇಳಲಿಲ್ಲ.

ನಾನು ಹೋಗಲಿಲ್ಲ.

ಹೋಗಬೇಕೆಂದು ಶನಿವಾರ ಹೊಳೆಯವರೆಗೆ ನಡೆದದ್ದು ಹೌದು. ಮೊಣಕಾಲಿನಷ್ಟು ನೀರು, ದಾಟಲು ಕಷ್ಟವಿರಲಿಲ್ಲ. ಹೊಳೆಬದಿಯ ಕಲ್ಲಿನ ಮೇಲೆ ಕೂತು ಯೋಚಿಸಿದೆ. ಎರಡು ದಿನದಲ್ಲಿ ಕಟ್ಟ ಮುಗಿದರೆ ಹೆಗ್ಡೆಯವರ ಒಂದು ತಿಂಗಳಿನ ನಡಿಗೆಗೆ ಏನು ಬೆಲೆ? ಅವರ ಹಿಂದೆ ಕೊಡೆ ಹಿಡಿದು ನಡೆದ ನನಗೆ ಏನು ಬೆಲೆ? ಒಂದು ದಿನ ತಡವಾದರೆ ಆಕಾಶವೇನೂ ಬೀಳುವುದಿಲ್ಲ ಎಂದುಕೊಂಡು ಎದ್ದು ವಾಪಸು ಬಂದೆ. ಸುಬೇದಾರರು ದಾರಿಯಲ್ಲಿ ಸಿಕ್ಕಿ "ಆಯಿತಾ?" ಎಂದರು. "ಆಯಿತು" ಎಂದೆ.

ಸೋಮವಾರ ಆರು ಗಂಟೆಗೆ ಅವರ ಸೀಟಿ ಕೇಳಿತು. ಈಚೆಕರೆಯ ಇಪ್ಪತ್ತು ಮಂದಿ ಎರಡು ಸಾಲಾಗಿ ನಿಂತರು. ಮೊದಲ ಕಲ್ಲು ಎತ್ತಿದ್ದು ಸುಬೇದಾರರೇ. ಪಾಲಿಶ್ ಮಾಡಿದ ಬೂಟನ್ನು ದಡದಲ್ಲಿ ಬಿಚ್ಚಿಟ್ಟು ನೀರಿಗಿಳಿದರು. ಮಧ್ಯಾಹ್ನ ಗಂಜಿಗೆ ಎಲ್ಲರೂ ಕೂತ ಮೇಲೆ ಕೊನೆಯಲ್ಲಿ ಕೂತರು. ಆಚೆಕರೆಯವರು ಹತ್ತು ಗಂಟೆಗೆ ಗುಡ್ಡದ ಬದಿಯಲ್ಲಿ ಕಾಣಿಸಿಕೊಂಡರು, ನೋಡಿದರು, ತಿರುಗಿ ಹೋದರು. ಹೇಳಿಕೆ ಇಲ್ಲದೆ ಶುರುಮಾಡಿದರಲ್ಲ ಎಂದು ಅವರಿಗೆ ಅವಮಾನ. ಆಜ್ಞೆ ಮೀರಿದರಲ್ಲ ಎಂದು ಸುಬೇದಾರರಿಗೆ ಬೇಸರ. ಹೆಗ್ಡೆಯವರಿದ್ದರೆ ಆ ಗಳಿಗೆಯಲ್ಲೇ ಹೊಳೆ ದಾಟಿ ಹೋಗಿ ಯಾರದ್ದೋ ಜಗಲಿಯಲ್ಲಿ ಕೂರುತ್ತಿದ್ದರು. ಸುಬೇದಾರರು ಗಡಿಯಾರ ನೋಡಿ, "ನಮ್ಮ ಪಾಲನ್ನು ನಾವು ಮುಗಿಸುವ" ಎಂದರು. ಈ ವ್ಯತ್ಯಾಸವನ್ನು ನಾನು ಆಗಲೇ ಗಮನಿಸಿದೆ, ಗಮನಿಸಿ ಸಂತೋಷಪಟ್ಟೆ.

ಸಂತೋಷ ಮರುದಿನ ಮಧ್ಯಾಹ್ನದವರೆಗೆ ಉಳಿಯಿತು. ಘಟ್ಟದ ಕಡೆ ಆಕಾಶ ಕಪ್ಪಾಯಿತು. ನಮ್ಮಲ್ಲಿ ಹನಿ ಬೀಳಲಿಲ್ಲ, ಆದರೆ ಗಂಟೆಯೊಳಗೆ ಹೊಳೆಯಲ್ಲಿ ಕೆಂಪು ನೀರು ಬಂತು. ಅರ್ಧ ಹೊಳೆಗೆ ಕಟ್ಟಿದ ಕಟ್ಟವನ್ನು ತುದಿಯಿಂದ ಕೊರೆಯುತ್ತ ಕೊರೆಯುತ್ತ ಗೂಟ, ಸೊಪ್ಪು, ಮಣ್ಣು ಎಲ್ಲವನ್ನೂ ಎತ್ತಿಕೊಂಡು ಹೋಯಿತು. ಎರಡೂ ಕಡೆ ಕೂಡಿದ್ದರೆ ಉಳಿಯುತ್ತಿತ್ತೇ? ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂಬುದರಿಂದ ನನಗೆ ಸಮಾಧಾನವೇನೂ ಸಿಕ್ಕಿಲ್ಲ.

ಸುದ್ದಿ ಕೇಳಿ ಹೆಗ್ಡೆಯವರು ಮರುದಿನ ಬೆಳಗಿನ ಬಸ್ಸಿಗೇ ಬಂದರು. ಎರಡೂ ಕರೆಯವರು ಹೊಳೆಬದಿಯಲ್ಲಿ ಸೇರಿದರು. ಆಚೆಕರೆಯ ಹಿರಿಯ ಐತಪ್ಪಣ್ಣ ತಲೆಯ ಅಡಿಕೆ ಹಾಳೆಯ ಮುಟ್ಟಾಳೆ ತೆಗೆಯದೆ ಹೇಳಿದ: "ನಮ್ಮ ನೇಜಿ ಒಣಗುತ್ತದೆ. ಒಣಗಲಿ. ಆದರೆ ನಮ್ಮನ್ನು ಕರೆಯದೆ ಯಾಕೆ ಶುರುಮಾಡಿದ್ದು, ಅದನ್ನು ಹೇಳಿ."

ಸುಬೇದಾರರು ನನ್ನ ಕಡೆ ಒಮ್ಮೆ ನೋಡಿದರು, ಒಂದು ಕ್ಷಣ ಮಾತ್ರ. ಆಮೇಲೆ ಜನರ ಕಡೆ ತಿರುಗಿದರು. "ಹೇಳಿಕೆ ಮುಟ್ಟಿದೆಯೋ ಇಲ್ಲವೋ ಎಂದು ನೋಡಬೇಕಾದವನು ನಾನು. ನೋಡಲಿಲ್ಲ. ತಪ್ಪು ನನ್ನದು" ಎಂದರು.

ನಾನು ಬಾಯಿ ಬಿಡಲಿಲ್ಲ. ಆ ಹೊತ್ತಿನಲ್ಲೂ ನನಗೆ ಬಂದದ್ದು ನಾಚಿಕೆಗಿಂತ ಹೆಚ್ಚಾಗಿ ಮತ್ಸರ ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ತಪ್ಪನ್ನೂ ಈ ಮನುಷ್ಯ ನನಗಿಂತ ಚೆನ್ನಾಗಿ ಹೊತ್ತುಕೊಂಡು ನಿಂತಿದ್ದಾನಲ್ಲ ಎಂದು.

ವಾಪಸು ನಡೆಯುವಾಗ ಹೆಗ್ಡೆಯವರು ಗದ್ದೆಯ ಹುಣಿಯ ಕಾಲುದಾರಿ ಮುಗಿಯುವಲ್ಲಿ ನಿಂತು ಕೇಳಿದರು. "ನೀನು ಹೋಗಲಿಲ್ಲ ಅಲ್ವಾ?"

"ಇಲ್ಲ."

"ಯಾಕೆ?"

ನಾನು ನೆಲ ನೋಡಿದೆ. "ನೀವು ಅವರಲ್ಲಿಗೇ ಹೋಗ್ತೀರಿ" ಎಂದೆ. ಇಪ್ಪತ್ತೈದು ವರ್ಷದ ಗಂಡಸು ಆಡಿದ ಮಾತು ಇದು.

ಹೆಗ್ಡೆಯವರು ನಗಲಿಲ್ಲ. "ನಾನು ಯಾರಿಗೂ ಹೇಳುವುದಿಲ್ಲ. ಇವತ್ತೇ ಆಚೆಕರೆಗೆ ಹೋಗಿ ಕಟ್ಟದ ಹೇಳಿಕೆ ಹೇಳಿ ಬಾ. ಎಲ್ಲಾ ಮನೆಗೂ, ಒಂದನ್ನೂ ಬಿಡಬೇಡ" ಎಂದರು. ಅಷ್ಟರ ಮೇಲೆ ಆ ವಿಷಯ ಎತ್ತಲಿಲ್ಲ. ಆದರೆ ಆಮೇಲಿನ ವರ್ಷಗಳಲ್ಲಿ ಯಾವುದಾದರೂ ಮುಖ್ಯ ಸುದ್ದಿ ಕಳಿಸುವಾಗ ನನ್ನನ್ನು ಒಂದು ಗಳಿಗೆ ಹೆಚ್ಚು ನೋಡುತ್ತಿದ್ದರು. ನಾನು ಬೇರೆಯವರಿಗಿಂತ ಎರಡು ಪಾಲು ದುಡಿಯುತ್ತಿದ್ದೆ.

ಹನ್ನೆರಡು ಮನೆಯ ಮೆಟ್ಟಿಲು ಹತ್ತಿ ಇಳಿದು ಬಂದವನಿಗೆ ಸುಮ್ಮನಿರಲಾಗಲಿಲ್ಲ. ಬೆಳಿಗ್ಗೆ ಸುಬೇದಾರರ ಮನೆಗೆ ಹೋಗಿ ಇದ್ದದ್ದನ್ನು ಹೇಳಿದೆ. ಅವರು ಬ್ರಷ್ ಕೆಳಗಿಟ್ಟರು. "ನನಗೆ ಸುಳ್ಳು ಹೇಳಿದ್ದೀರಿ. ಮೂರು ದಿನ ಮಣ್ಣು ಹೊರಬೇಕು. ಆರು ಗಂಟೆಗೆ ಬನ್ನಿ" ಎಂದರು.

ಹೊತ್ತೆ. ಜೀವನದಲ್ಲಿ ಲೇಖನಿಗಿಂತ ಭಾರದ್ದು ಎತ್ತದವನು ಬುಟ್ಟಿ ಮಣ್ಣು ಹೊತ್ತು ಹೊಳೆಗೆ ಇಳಿದು ಹತ್ತಿದೆ. ಅವರು ಒಂದು ಬುಟ್ಟಿಯನ್ನೂ ಕಡಿಮೆ ಮಾಡಲಿಲ್ಲ. ಮೂರನೆಯ ಸಂಜೆ ಎರಡು ಕಡೆಯ ಕಟ್ಟ ನಡುವಿನಲ್ಲಿ ಕೂಡಿತು. ಸುಬೇದಾರರು ಒಂದು ತಗಡಿನ ಮಗ್ಗಿನಲ್ಲಿ ಚಾ ತಂದುಕೊಟ್ಟು, "ಮುಗಿಯಿತು" ಎಂದರು. ಅವರ ಮಟ್ಟಿಗೆ ನಿಜಕ್ಕೂ ಮುಗಿದಿತ್ತು. ಮುಂದಿನ ವಾರ ನಾನು ಅದನ್ನು ನೆನಪಿಸಿದರೆ, "ಯಾವುದು?" ಎಂದರು. ಒಬ್ಬರು ಶಿಕ್ಷೆ ಕೊಟ್ಟು ಮರೆತರು, ಒಬ್ಬರು ಶಿಕ್ಷೆ ಕೊಡದೆ ನೆನಪಿಟ್ಟುಕೊಂಡರು. ಯಾವುದು ಹೆಚ್ಚು ಎಂದು ಕೇಳಬೇಡಿ. ಎರಡನ್ನೂ ಅನುಭವಿಸಿದವನು ನಾನು. ಭುಜದ ನೋವು ಬೇಗ ಹೋಯಿತು ಎಂದಷ್ಟೇ ಹೇಳಬಲ್ಲೆ.

ಆದರೆ ಅದೇ ಚಳಿಗಾಲ ಸುಬೇದಾರರು ಸೋತದ್ದನ್ನೂ ನೋಡಿದೆ. ಯಾರ ಗದ್ದೆಗೆ ಯಾವ ದಿನ ನೀರು ಎಂದು ಅವರು ಹಲಗೆಯಲ್ಲಿ ಬರೆದು ತೂಗುಹಾಕಿದರು. ತೋಡಿನ ಮೇಲ್ಭಾಗದ ಒಬ್ಬ ರೈತ ಅದನ್ನು ಓದಿ, "ಆಯಿತು ಸುಬೇದಾರ್ರೇ" ಎಂದು ಕೈಮುಗಿದು, ತನಗೆ ಬೇಕಾದಾಗ ನೀರು ತಿರುಗಿಸಿಕೊಂಡ. ಮತ್ತೆ ಹೇಳಿದರೆ ಮತ್ತೆ ಕೈಮುಗಿದ. ಎದುರು ಮಾತಾಡುವವನನ್ನು ಸುಬೇದಾರರು ಎದುರಿಸಬಲ್ಲರು. ಒಪ್ಪಿಕೊಂಡೇ ಕೇಳದವನ ಮುಂದೆ ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ ಹೆಗ್ಡೆಯವರು ಅವನ ಮನೆಗೆ ಹೋಗಿ ಕೂತರು. ನಾನೂ ಸುಬೇದಾರರೂ ಅಂಗಳದ ಬದಿಯಲ್ಲಿ ನಿಂತಿದ್ದೆವು. ಒಳಗೆ ಎಮ್ಮೆಯ ವಿಚಾರ ಸಾಗಿತ್ತು.

ಸುಬೇದಾರರು ಮೆಲ್ಲಗೆ ಹೇಳಿದರು: "ನಾನು ಇಪ್ಪತ್ತೆಂಟು ವರ್ಷ 'ಮಾಡು' ಅಂದೆ, ಮಾಡಿದರು. ಮಾಡದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಹೆಗ್ಡೇರು ಹೇಳಿದ್ದನ್ನು ಕೇಳಬೇಕು ಅಂತ ಯಾರಿಗೂ ಇಲ್ಲ, ಆದರೂ ಕೇಳ್ತಾರೆ. ಇದನ್ನು ನೋಡುವಾಗ ನನಗೆ ಹೊಟ್ಟೆ ಉರಿಯುತ್ತದೆ ಗುಮಾಸ್ತರೇ."

ಇದನ್ನು ಹೆಗ್ಡೆಯವರಿಗೆ ಹೇಳಿದಾಗ ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಒಂದೇ ಒಂದು ಸಲ ಆ ಸೀಟಿ ಊದಿ ಕೆಲಸ ಮುಗಿಸಬೇಕು ಅಂತ ನನಗೆ ಎಷ್ಟು ಆಸೆ ಉಂಟು, ಗೊತ್ತುಂಟಾ? ಕಾಲು ನೋಯ್ತದೆ ಮಾರಾಯ" ಎಂದರು. ಅವರಿಬ್ಬರ ಹೊಟ್ಟೆಕಿಚ್ಚು ಅವರನ್ನು ಒಬ್ಬರ ಮನೆಗೆ ಇನ್ನೊಬ್ಬರು ಹೋಗುವಂತೆ ಮಾಡಿತ್ತು. ನನ್ನದು ನನ್ನನ್ನು ಹೊಳೆಬದಿಯ ಕಲ್ಲಿನ ಮೇಲೆ ಕೂರಿಸಿತ್ತು. ಇದು ತಿಳಿದ ಮೇಲೆ ಅದು ಕಡಿಮೆಯಾಯಿತೇ ಎಂದರೆ, ಇಲ್ಲ. ಆ ಚಾದ ಕೂಟದಲ್ಲಿ ನಾನು ಮೂರನೆಯವನಾಗಿಯೇ ಉಳಿದೆ.

ಎರಡು ವರ್ಷದ ಮೇಲೆ ನನ್ನ ಮದುವೆಯಾಯಿತು, ಆಚೆಕರೆಯ ಆ ಐತಪ್ಪಣ್ಣನ ಮಗಳ ಜೊತೆ. ಸಂಬಂಧ ಕೂಡಿಸಿದ್ದು ಹೆಗ್ಡೆಯವರು. ಮಾವನ ನೇಜಿ ಅರ್ಧ ಒಣಗಿದ್ದು ನನ್ನಿಂದ ಎಂಬುದನ್ನು ನಾನು ಮಾವನಿಗೂ ಹೇಳಲಿಲ್ಲ, ಇವಳಿಗೂ ಹೇಳಲಿಲ್ಲ. ಹೆಗ್ಡೆಯವರು, ಸುಬೇದಾರರು, ಮಾವ ಒಬ್ಬೊಬ್ಬರಾಗಿ ತೀರಿಹೋದರು. ನಾವು ಮೂಡುಬಿದಿರೆಗೆ ಬಂದು ನೆಲೆಸಿದೆವು.

ಮೊನ್ನೆ, ಆ ಪಾಲಿಶ್ ಡಬ್ಬಿ ತೆರೆದ ಸಂಜೆ, ಯಾಕೋ, ಇವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಹೊಳೆಬದಿಯಿಂದ ವಾಪಸು ಬಂದದ್ದು, ಸುಳ್ಳು, ಎಲ್ಲ. ಇವಳು ಬಸಳೆ ಸೋಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಗೊತ್ತುಂಟು" ಎಂದಳು.

"ಯಾರು ಹೇಳಿದ್ದು?"

"ಹೆಗ್ಡೇರು. ಸಂಬಂಧ ಕೇಳಲಿಕ್ಕೆ ಬಂದ ದಿನ ಅಪ್ಪನಿಗೆ ಮೊದಲು ಹೇಳಿದ್ದೇ ಅದು. ಹುಡುಗ ಹೀಗೆ ಮಾಡಿದ್ದಾನೆ, ಅದು ತಿಳಿದು ಕೊಡುವುದಾದರೆ ಕೊಡಿ ಅಂತ. ಅಪ್ಪ ಸುಬೇದಾರ್ರ ಹತ್ತಿರ ಹೋಗಿ ವಿಚಾರಿಸಿದರು. ಅವರು, ನನಗೆ ಅಂಥದ್ದೇನೂ ನೆನಪಿಲ್ಲ, ಒಳ್ಳೆಯ ಮನುಷ್ಯ, ಕೊಡಿ ಅಂದರಂತೆ."

ಯಾರಿಗೂ ಹೇಳುವುದಿಲ್ಲ ಎಂದಿದ್ದ ಹೆಗ್ಡೆಯವರು ಹೇಳಬೇಕಾದ ಒಂದೇ ಮನೆಯಲ್ಲಿ ಹೇಳಿದ್ದರು. ನಾನು ಐವತ್ತಕ್ಕೂ ಹೆಚ್ಚು ವರ್ಷ ಮುಚ್ಚಿಟ್ಟದ್ದು ನನ್ನ ಮದುವೆಯ ಮಾತುಕತೆಯಲ್ಲೇ ಬಿಚ್ಚಿಟ್ಟ ವಿಷಯವಾಗಿತ್ತು.

"ಮತ್ತೆ ನೀನು ಯಾಕೆ ಒಪ್ಪಿದ್ದು?" ಎಂದು ಕೇಳಿದೆ.

"ಆ ಮೂರು ದಿನ ನೀವು ಮಣ್ಣು ಹೊರುವುದನ್ನು ಆಚೆಕರೆಯಿಂದ ನೋಡಿದ್ದೇನೆ" ಎಂದಳು. "ಅರ್ಧ ಮಣ್ಣು ನಿಮ್ಮ ತಲೆಯಲ್ಲೇ ಇರ್ತಿತ್ತು. ಅಷ್ಟು ಕೆಟ್ಟದಾಗಿ ಹೊರುವವರನ್ನು ನಾವು ನೋಡಿರಲಿಲ್ಲ. ಆದರೆ ಎರಡನೆಯ ದಿನವೂ ಬಂದಿರಿ, ಮೂರನೆಯ ದಿನವೂ ಬಂದಿರಿ."

ಬಸಳೆಯ ದಂಟು ಒಂದು ಕಡೆ, ಎಲೆ ಒಂದು ಕಡೆ ಮಾಡಿ ಎದ್ದು ಒಳಗೆ ಹೋದಳು. ನಾನು ಜಗಲಿಯಲ್ಲಿ ಕೂತೆ. ಆ ಇಬ್ಬರನ್ನು ನೆನೆದೆ, ಬೇಕೆಂದೇ ಇನ್ನೊಮ್ಮೆ ನೆನೆದೆ. ಎದೆಯಲ್ಲಿ ಏನೂ ಏಳಲಿಲ್ಲ.