ಬೇಬಿಯಕ್ಕ ತಿರುಗಿಸಿ ಕಟ್ಟಿದ ಪೋಸ್ಟರ್

ಆಂಧ್ರದ ಕಡೆಗೆ ಹೊರಡುವ ಮೊದಲ ಬಸ್ಸು ಇನ್ನೂ ಗುರುಗುಡುತ್ತ ನಿಂತಿದೆ. ಚೆನ್ನೈಯ ಮಾಧವರಂ ಬಸ್ ನಿಲ್ದಾಣದ ಹೊರಗೋಡೆಗೆ ಒರಗಿಕೊಂಡ ಪೇಪರ್ ಅಂಗಡಿಯ ಮುಂದೆ ಬೇಬಿಯಕ್ಕ ಚಕ್ಕಳಮಕ್ಕಳ ಹಾಕಿ ಕೂತು ಪತ್ರಿಕೆಗಳ ಹೊಟ್ಟೆಗೆ ಪುರವಣಿ ತುರುಕುತ್ತಿದ್ದಾರೆ. ಕಣ್ಣು ರಸ್ತೆಯ ಮೇಲಿದೆ, ಬಾಯಿ ನನ್ನೊಡನೆ ಮಾತಾಡುತ್ತಿದೆ, ಕೈ ಮಾತ್ರ ಯಾರನ್ನೂ ಕೇಳದೆ ತನ್ನ ಕೆಲಸ ಮಾಡುತ್ತಿದೆ. "ಕೂತ್ಕೊಳ್ಳಿ. ಆ ಬಂಡಲಿನ ಮೇಲೆ ಬೇಡ ಮಾರಾಯ್ರೆ, ಅದ್ರಲ್ಲಿ ನಿಮ್ಮಂಥವ್ರು ಬರ್ದದ್ದೇ ಉಂಟು" ಎಂದು ನಗುತ್ತಾರೆ. ಪತ್ರಿಕೆಯವರನ್ನು ಕಂಡರೆ ಅವರಿಗೆ ಹೀಗೊಂದು ಚುಚ್ಚು ಮಾತು ಬಂದೇ ಬರುತ್ತದೆ. ಅದಕ್ಕೆ ಕಾರಣವೂ ಇದೆ.

ಬೈಂದೂರಿನ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಚೆನ್ನೈಗೆ ಬಂದವರು ಬೇಬಿ. ಗಂಡ ಚಂದು ಸಸ್ಯಾಹಾರಿ ಹೋಟೆಲೊಂದರಲ್ಲಿ ದೋಸೆ ಹಾಕುತ್ತಾರೆ. ಮೊದಲು ಇವರ ಅಂಗಡಿ ಊರಿನ ಇನ್ನೊಂದು ಮೂಲೆಯ ವೇಲಚೇರಿಯಲ್ಲಿತ್ತು. ನೆರೆ ಬಂದ ವರ್ಷ ಅಂಗಡಿಯೊಳಗೆ ಎದೆಮಟ್ಟ ನೀರು ನಿಂತಿತು. "ಪೇಪರೆಲ್ಲ ಗಂಜಿಯಾಗಿ ಹೋಯ್ತು. ನಾವು ಉಟ್ಟ ಬಟ್ಟೆಯಲ್ಲಿ ಇಲ್ಲಿಗೆ ಬಂದದ್ದು." ಹಾಗೆ ಹೇಳುವಾಗಲೂ ಅವರ ಕೈ ನಿಲ್ಲುವುದಿಲ್ಲ. ಚಳಿಜ್ವರ ಬಂದರೂ ರಜೆಯಿಲ್ಲ. ಪತ್ರಿಕೆಗೆ ರಜೆ ಇದ್ದ ದಿನವಷ್ಟೇ ಇವರೂ ಬೆಳಕು ಹರಿಯುವವರೆಗೆ ಮಲಗುವುದು.

ಚೆನ್ನೈಯ ಪೇಪರ್ ಅಂಗಡಿಗಳಿಗೆ ಒಂದು ಪದ್ಧತಿ ಇದೆ. ಪ್ರತಿ ಬಂಡಲಿನ ಜೊತೆ ಪತ್ರಿಕೆಯವರು ಒಂದು ಪೋಸ್ಟರ್ ಕಳಿಸುತ್ತಾರೆ. ಅದರಲ್ಲಿ ಆ ದಿನದ ಒಂದೇ ಒಂದು ಸುದ್ದಿ, ಅಂಗೈ ಅಗಲದ ಅಕ್ಷರಗಳಲ್ಲಿ. ಮೊದಲು ಪೋಸ್ಟರ್ ಕಟ್ಟಬೇಕು, ಆಮೇಲೆ ಬಂಡಲ್ ಬಿಚ್ಚಬೇಕು. ಬಸ್ಸಿಗೆ ಓಡುವವನ ಕಾಲು ನಿಲ್ಲಿಸುವುದೇ ಅದು. ಬೇಬಿಯಕ್ಕ ತಮಿಳು ಓದಲು ಕಲಿತದ್ದು ಈ ಪೋಸ್ಟರುಗಳಿಂದಲೇ. ಈಗಲೂ ದಪ್ಪ ಅಕ್ಷರವಾದರೆ ಸಲೀಸು, ಸಣ್ಣ ಅಕ್ಷರವಾದರೆ ತಡವರಿಕೆ.

ಕಳೆದ ವರ್ಷದ ಮಾತು. ದೂರದ ಊರಿನ ಸಂತೆಯೊಂದರಲ್ಲಿ ಬಾಂಬ್ ಸಿಡಿದು ಜನ ಸತ್ತರು. ಕೆಲವು ದಿನಗಳಲ್ಲಿ ಒಂದು ತಮಿಳು ಪತ್ರಿಕೆಯ ಪೋಸ್ಟರ್ ಬಂತು: 'ಮಾಧವರಂ ತೀವ್ರವಾದಿ ನವಾಸ್ ಬಲೆಗೆ!' ಬೇಬಿಯಕ್ಕ ಅವಸರದಲ್ಲಿ ಓದದೆಯೇ ಕಟ್ಟಿದರು. ಬಂಡಲ್ ಬಿಚ್ಚುತ್ತಿದ್ದಾಗ ಶಾಹುಲ್ ಭಾಯ್ ಬಂದರು. ಹತ್ತಿರದ ಮಣಲಿಯಲ್ಲಿ ಟ್ಯಾಂಕರ್ ಓಡಿಸುವ ಅವರು ದಿನಾ ಇಲ್ಲೇ ಪತ್ರಿಕೆ ಕೊಳ್ಳುವವರು. ನವಾಸ್ ಅವರ ಮಗ, ನಿಲ್ದಾಣದ ಎದುರು ಬೀದಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು.

"ಅವ್ರು ಪೋಸ್ಟರ್ ಓದಿದ್ರು. ಆಮೇಲೆ ನನ್ನ ಮುಖ ನೋಡಿದ್ರು. 'ಅಕ್ಕಾ, ಚುಮ್ಮಾ, ಸುಮ್ನೆ ಏನೋ ಕೇಳ್ಬೇಕು ಅಂತ ಪೊಲೀಸ್ ಅವನನ್ನು ಕರ್ಕೊಂಡು ಹೋದ್ದಲ್ವಾ?' ಅಂದ್ರು. ಆ ಪೋಸ್ಟರ್ ಕಟ್ಟಿದ್ದು ನಾನೇ ಅಲ್ವಾ?" ಶಾಹುಲ್ ಭಾಯ್ ಮತ್ತೆ ಆ ಕಡೆ ಬರಲಿಲ್ಲ. ನವಾಸನ ಅಂಗಡಿಯ ಶಟರ್ ಇಳಿಯಿತು.

ನಡೆದದ್ದು ಇಷ್ಟೇ. ನವಾಸ್ ಎಂದೋ ಮಾರಿದ ಹಳೆಯ ಫೋನೊಂದು ಪ್ರಕರಣದ ಜಾಡಿನಲ್ಲಿ ಸಿಕ್ಕಿತ್ತು. ಪೊಲೀಸರು ಕೇಳಿದರು, ಅವನು ಹೇಳಿದ, ಅದು ನಿಜವೆಂದು ಖಾತ್ರಿಯಾದ ಮೇಲೆ ಮನೆಗೆ ಕಳಿಸಿದರು. ಈ ಸುದ್ದಿಯೂ ಅದೇ ಪತ್ರಿಕೆಯಲ್ಲಿ ಬಂತು, ಒಳಪುಟದ ಮೂಲೆಯಲ್ಲಿ, ಕಳೆದುಹೋದ ಪಾಸ್‌ಬುಕ್ಕಿನ ಜಾಹೀರಾತಿನ ಕೆಳಗೆ. ಆ ದಿನದ ಪೋಸ್ಟರಿನಲ್ಲಿದ್ದದ್ದು ಚಿನ್ನದ ದರ. ಬೀದಿಯಲ್ಲಿ ಹೋಗುವವರು ನವಾಸನ ಮುಚ್ಚಿದ ಅಂಗಡಿಯನ್ನು ಬೆರಳು ಮಾಡಿ ತೋರಿಸುತ್ತಲೇ ಇದ್ದರು. ಕಟ್ಟಡದ ಯಜಮಾನ ಜಾಗ ಖಾಲಿ ಮಾಡು ಎಂದಿದ್ದ.

ಬೇಬಿಯಕ್ಕ ಚಿನ್ನದ ದರದ ಪೋಸ್ಟರನ್ನು ಬಿಚ್ಚಿ ತಿರುಗಿಸಿದರು. ಹೋಟೆಲಿನ ತಿಂಡಿ ಬೋರ್ಡಿಗೆ ಬಳಿಯುವ ಬಣ್ಣ, ಬ್ರಷ್ಷು ತರಿಸಿದರು. "ಪೇಪರ್ ಮಾರು ಮಾರಾಯ್ತಿ, ಪೇಪರ್ ನಡೆಸ್ಲಿಕ್ಕೆ ಹೋಗ್ಬೇಡ" ಎಂದು ಗೊಣಗುತ್ತಲೇ ಚಂದು ತಂದುಕೊಟ್ಟರು. ಬೆನ್ನಿನ ಬಿಳಿಯ ಮೇಲೆ ಬೇಬಿಯಕ್ಕ ತಮಗೆ ಬರುವ ದಪ್ಪ ತಮಿಳು ಅಕ್ಷರದಲ್ಲಿ ಬರೆದರು: 'ನವಾಸ್ ತಪ್ಪು ಮಾಡಿಲ್ಲ. ಸುದ್ದಿ ಒಳಗಿದೆ.'

ಮಧ್ಯಾಹ್ನದೊಳಗೆ ಪತ್ರಿಕೆಯ ಏಜೆಂಟ್ ಹಾಜರಾದ. "'ಎನ್ನಮ್ಮಾ ಇದು? ನಮ್ಮ ಪೋಸ್ಟರ್ ಹಾಳು ಮಾಡ್ತೀರಾ?' ಅಂತ ಬೊಬ್ಬೆ ಹೊಡೆದ. ನಾನು ಹೇಳಿದೆ, ತಂಬಿ, ಮೊನ್ನೆ ಬೇರೆ ಊರಲ್ಲಿ ಒಬ್ಬ ಮನೆಯಲ್ಲಿ ನಾಡಬಾಂಬ್ ಮಾಡಿ ಸಿಕ್ಕಿಬಿದ್ದ. ಅವ ನಮ್ಮ ಪೈಕಿಯವ, ಹಿಂದೂ. ಅವನನ್ನು 'ಮನನೊಂದ ಯುವಕ' ಅಂತ ಹಾಕಿದ್ರಿ. ಬಾಂಬ್ ಕೈಯಲ್ಲೇ ಇದ್ದವ ಮನನೊಂದವ, ಫೋನ್ ಮಾರಿದವ ತೀವ್ರವಾದಿಯಾ? ಬಾಂಬಿಗೆ ಜಾತಿ ಉಂಟಾ?"

ಇದನ್ನು ಕೇಳಿ ಬೇಬಿಯಕ್ಕ ಭಯೋತ್ಪಾದಕರ ಪರ ಎಂದು ಯಾರಾದರೂ ಹುಬ್ಬು ಗಂಟಿಕ್ಕಿದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತದೆ. "ಬಾಂಬ್ ಇಟ್ಟವನನ್ನು ಬಿಡಿ ಅಂತ ನಾನು ಹೇಳಿದ್ನಾ? ಅವನ ಹೆಸರು ಬೇಕಾದ್ರೆ ವಾರವಿಡೀ ಹಾಕ್ಲಿ, ನಾನೇ ಕಟ್ತೇನೆ. ಅವನೇ ಅಂತ ಗೊತ್ತಾದ ಮೇಲೆ ಹಾಕ್ಲಿ. ಆ ಸಂತೆಯಲ್ಲಿ ಸತ್ತವ್ರಲ್ಲಿ ಒಬ್ಬರ ಹೆಸರಾದ್ರೂ ಪೋಸ್ಟರಿನಲ್ಲಿ ಬಂತಾ, ಪಾಪ? ಅದನ್ನು ಯಾರೂ ಕೇಳುದಿಲ್ಲ."

ಮರುದಿನ ಬೇಬಿಯಕ್ಕನ ಅಂಗಡಿಯೆದುರು ಆ ಪತ್ರಿಕೆಯ ಬಂಡಲ್ ಬೀಳಲಿಲ್ಲ. ಅತಿ ಹೆಚ್ಚು ಮಾರಾಟವಾಗುವ ಪತ್ರಿಕೆ ಅದು. ಅದಿಲ್ಲದ ಅಂಗಡಿಗೆ ಬಂದವರು ಬೇರೆ ಯಾವುದನ್ನೂ ಕೊಳ್ಳದೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಚಂದು ಚಹಾ ತಂದಿಟ್ಟು ಹೋದರು. ಆಗ ನಿಲ್ದಾಣದ ಬಾಗಿಲಿನ ಪಕ್ಕ ಅಂಗಡಿ ಇಟ್ಟಿರುವ ಕಲಾವತಿ ತನ್ನ ಬಂಡಲಿನ ಅರ್ಧವನ್ನು ಹೊತ್ತು ತಂದು ಇಲ್ಲಿ ಧೊಪ್ಪನೆ ಹಾಕಿದರು. ಹೋಗಿ ತನ್ನ ಅಂಗಡಿಯ ಪೋಸ್ಟರನ್ನೂ ತಿರುಗಿಸಿ ಕಟ್ಟಿದರು. ಬರೆಯಲಿಲ್ಲ, ಖಾಲಿ ಬೆನ್ನು ಮಾತ್ರ.

ಅದರ ಮರುದಿನ ಬೆಳಿಗ್ಗೆ ನಿಲ್ದಾಣದ ಸುತ್ತಲಿನ ಪೇಪರ್ ಅಂಗಡಿಗಳೆಲ್ಲ ಆ ಪತ್ರಿಕೆಯ ಪೋಸ್ಟರಿನ ಬೆನ್ನು ತೋರಿಸಿಕೊಂಡು ನಿಂತಿದ್ದವು! ಸುದ್ದಿ ಬರೆದ ಪೋಸ್ಟರನ್ನು ಓದಿ ದಾಟಿಹೋಗುವ ಪ್ರಯಾಣಿಕರು ಖಾಲಿ ಪೋಸ್ಟರನ್ನು ಕಂಡು ನಿಂತರು. ಏನಿದು ಎಂದು ಕೇಳಿದರು. ಕೇಳಿದವರಿಗೆಲ್ಲ ಅಂಗಡಿಯವರು ನವಾಸನ ಕಥೆ ಹೇಳಿದರು. ನೆಲ್ಲೂರು, ತಿರುಪತಿ ಬಸ್ಸು ಹತ್ತಿದವರು ಅದನ್ನು ಸೀಟಿನ ಪಕ್ಕದವರಿಗೆ ಹೇಳಿದರು. ಯಾರೋ ಫೋಟೊ ತೆಗೆದು ಫೋನಿನಲ್ಲಿ ಹರಿಬಿಟ್ಟರು. ಇಡೀ ಊರು ಕೇಳತೊಡಗಿದ ಮೇಲೆ ಪತ್ರಿಕೆಯ ಕಚೇರಿಗೂ ಕಿವಿ ಕೇಳಿಸಿತು.

ಬಂಡಲ್ ಮತ್ತೆ ಬಂತು. ಅದರ ಜೊತೆಗಿದ್ದ ಪೋಸ್ಟರಿನಲ್ಲಿ, ಹಿಂದೆ ತೀವ್ರವಾದಿ ಎಂದು ಬರೆದಷ್ಟೇ ದಪ್ಪ ಅಕ್ಷರದಲ್ಲಿ, ಹೀಗಿತ್ತು: 'ಮಾಧವರಂ ನವಾಸ್ ನಿರಪರಾಧಿ. ನಮ್ಮ ಸುದ್ದಿಗೆ ವಿಷಾದಿಸುತ್ತೇವೆ.' ನಾನು ಇಷ್ಟು ವರ್ಷ ಈ ವೃತ್ತಿಯಲ್ಲಿದ್ದೇನೆ. ತಪ್ಪೊಪ್ಪಿಗೆಯನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಎಲ್ಲೂ ಕಂಡಿಲ್ಲ. ಅದನ್ನು ಬರೆಸಿದ್ದು ಸಂಪಾದಕರ ಸಭೆಯಲ್ಲ, ಬಸ್ ನಿಲ್ದಾಣದ ಪೇಪರ್ ಅಂಗಡಿಗಳು ಎಂದು ಹೇಳಲು ನನಗೆ ಹೆಮ್ಮೆಯೂ ಇದೆ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ಆ ಪೋಸ್ಟರನ್ನು ಬೇಬಿಯಕ್ಕ ಕಟ್ಟಲಿಲ್ಲ. ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಅಂಗಡಿಯನ್ನು ಕಲಾವತಿಗೆ ಒಪ್ಪಿಸಿ ಶಾಹುಲ್ ಭಾಯ್ ಮನೆಗೆ ಹೋದರು. ತಂದೆ ಮಗ ಇಬ್ಬರನ್ನೂ ಎಬ್ಬಿಸಿ ಕರೆತಂದರು. "'ಭಾಯ್, ಆವತ್ತಿಂದು ನಾನು ಕಟ್ಟಿದೆ, ಇದನ್ನು ನೀವು ಕಟ್ಟಿ' ಅಂದೆ. ಅವ್ರು ಗಂಟು ಹಾಕಿದ್ರು. ನವಾಸ್ ಹಗ್ಗ ಹಿಡ್ಕೊಂಡ." ಬಸ್ಸುಗಳ ಡ್ರೈವರುಗಳು ಹಾರ್ನ್ ಬಾರಿಸಿದರು. ಯಾರೋ ಶಿಳ್ಳೆ ಹೊಡೆದರು. ನವಾಸನ ಅಂಗಡಿಯ ಶಟರ್ ಆ ದಿನವೇ ಮೇಲೆ ಹೋಯಿತು, ಕಟ್ಟಡದ ಯಜಮಾನನೇ ತನ್ನ ಕೆಟ್ಟ ಫೋನ್ ಹಿಡಿದುಕೊಂಡು ಬಂದ.

ಇಷ್ಟು ದೊಡ್ಡ ಗೆಲುವಿನಲ್ಲಿ ನಿಮಗೆ ಅತ್ಯಂತ ಖುಷಿ ಕೊಟ್ಟದ್ದು ಯಾವುದು ಎಂದು ನಾನು ಕೇಳುತ್ತೇನೆ. ಬೇಬಿಯಕ್ಕ ಮೊದಲ ಬಾರಿಗೆ ಕೈಯ ಕೆಲಸ ನಿಲ್ಲಿಸುತ್ತಾರೆ.

"ಪೋಸ್ಟರ್ ಕಟ್ಟಿ ಆದ ಮೇಲೆ ಭಾಯ್ ಒಂದು ಪೇಪರ್ ತಗೊಂಡ್ರು. ಮೊದಲನೇ ಪೇಜ್ ನೋಡ್ಲೇ ಇಲ್ಲ. ಸೀದಾ ಕ್ರಿಕೆಟ್ ಪೇಜಿಗೆ ಹೋಗಿ, ನಮ್ಮವ್ರು ಬ್ಯಾಟಿಂಗ್ ಮರ್ತಿದ್ದಾರೆ ಅಂತ ಬೈಲಿಕ್ಕೆ ಶುರು ಮಾಡಿದ್ರು. ಅಷ್ಟೇ ಸಾಕು ನಂಗೆ."