ಎಡಗೈಯಲ್ಲಿ ಮಾಡಿದ ಲಗ್ನಪತ್ರಿಕೆಗಳು

ನಾನು ಎಡಚಿ. ಕನ್ನಡ ಶಾಲೆಯಲ್ಲಿ ಮಾಸ್ತರು ಬೆರಳ ಗೆಣ್ಣಿಗೆ ಫುಟ್‌ಪಟ್ಟಿಯಲ್ಲಿ ಹೊಡೆದು ಬಲಗೈಯಲ್ಲಿ ಬರೆಸಿದರು. ಮನೆಯಲ್ಲಿ ನಾಲ್ಕು ಜನ ಊಟಕ್ಕೆ ಕೂತರೆ ನನ್ನ ಕೈಗೆ ಸಟ್ಟುಗ ಕೊಡುತ್ತಿರಲಿಲ್ಲ. ಕತ್ತರಿಯಿಂದ ಹಿಡಿದು ತರಕಾರಿ ಹೆಚ್ಚುವ ಮೆಟ್ಟುಗತ್ತಿಯವರೆಗೆ ಎಲ್ಲವೂ ಬಲಗೈಯವರಿಗೆಂದೇ ಮಾಡಿದ್ದು. ಇದೆಲ್ಲ ನನ್ನದೇ ತಪ್ಪು ಎಂದು ಇಪ್ಪತ್ತು ವರ್ಷ ನಂಬಿಕೊಂಡಿದ್ದೆ.

ನಮ್ಮೂರು ಸಿದ್ದಾಪುರದ ಕಡೆ, ನಿಲ್ಕುಂದದ ಹತ್ತಿರ. ಪಿಯುಸಿ ಮುಗಿಸಿ, ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಶಿರಸಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದೆ. ಎರಡು ಸಾವಿರದ ಎರಡೋ ಮೂರೋ ಇಸವಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಅಂಗಡಿಗಳ ಹ್ಯಾಂಡ್‌ಬಿಲ್ಲು ಇವನ್ನೆಲ್ಲ ಡಿಸೈನ್ ಮಾಡುವುದು ನನ್ನ ಕೆಲಸ. ಪ್ರೆಸ್ಸಿನ ಯಜಮಾನರು ಹಾನಗಲ್ ಕಡೆಯಿಂದ ಬಂದು ಶಿರಸಿಯಲ್ಲಿ ನೆಲೆಸಿದವರು. ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಟ್ಟವರ ಮೇಲಿನ ಸಿಟ್ಟು ಬೇಗ ಆರುತ್ತದೆ.

ಪ್ರೆಸ್ಸಿನ ಡಿಸೈನ್ ಸಾಫ್ಟ್‌ವೇರಿನಲ್ಲಿ ಯಾವ ಸಾಮಾನು, ಅಂದರೆ ಟೂಲು, ಪರದೆಯ ಮೇಲೆ ಎಲ್ಲಿರಬೇಕು, ಯಾವ ಕೀ ಒತ್ತಿದರೆ ಏನಾಗಬೇಕು ಎಂಬುದನ್ನೆಲ್ಲ ನಾವೇ ಬದಲಿಸಿಕೊಳ್ಳಬಹುದು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದ ಮೇಲೆ ಏನನ್ನೋ ಹುಡುಕುತ್ತಿದ್ದಾಗ ಅಕಸ್ಮಾತ್ತಾಗಿ ಹಾಗೆ ಬದಲಿಸುವ ಪಟ್ಟಿ ತೆರೆದುಕೊಂಡಿತು. ನಿನಗೆ ಹೇಗೆ ಬೇಕು ಎಂದು ಆವರೆಗೆ ನನ್ನನ್ನು ಯಾವ ವಸ್ತುವೂ ಕೇಳಿರಲಿಲ್ಲ.

ಎರಡು ವಾರ ಊಟದ ಬಿಡುವಿನಲ್ಲಿ ಕೂತು ಎಲ್ಲವನ್ನೂ ನನಗೆ ಬೇಕಾದಂತೆ ಜೋಡಿಸಿದೆ. ಮೌಸು ಎಡಗೈಗೆ ಬಂತು, ಅದರ ಗುಂಡಿಗಳು ಅದಲುಬದಲಾದವು. ನಕಲು ಮಾಡುವ, ಅಂಟಿಸುವ, ತಪ್ಪು ಹಿಂದೆಗೆಯುವ ಕೀಗಳೆಲ್ಲ ಕೀಬೋರ್ಡಿನ ಎಡತುದಿಯಲ್ಲಿದ್ದವು. ಅವನ್ನು ಬಲಗೈಗೆ ಸಿಗುವ ಹಾಗೆ ಬಲತುದಿಗೆ ತಂದೆ. ಕಾರ್ಡಿನ ಕೆಲಸಕ್ಕೆ ಬೇಕಾಗುವ ಏಳೆಂಟು ಸಾಮಾನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮರೆಮಾಡಿದೆ. ಪರದೆ ಸಣ್ಣದು, ಮೇಲಿನ ಎರಡು ಸಾಲು ಗುಂಡಿಗಳನ್ನು ತೆಗೆದದ್ದೇ ಕಾರ್ಡು ಪೂರ್ತಿ ಕಾಣತೊಡಗಿತು. ಹೊಸ ಪುಟ ತೆರೆದರೆ ಅಳತೆಯ ಗೆರೆ, ಅಂಚು, ಮೇಲೆ ಗಣಪತಿ ತಾವಾಗಿಯೇ ಬಂದು ಕೂರುತ್ತಿದ್ದವು. ವಧೂವರರ ಹೆಸರಿಗೊಂದು ಕೀ, ಮುಹೂರ್ತದ ಸಾಲಿಗೊಂದು ಕೀ. ಅರ್ಧ ದಿನ ಹಿಡಿಯುತ್ತಿದ್ದ ಕಾರ್ಡು ಒಂದು ತಾಸಿಗೆ ಮುಗಿಯಿತು. ಈ ಜೋಡಣೆಯನ್ನೆಲ್ಲ ನನ್ನ ಹೆಸರಿನಲ್ಲೇ ಉಳಿಸಿಟ್ಟೆ.

ಆಗ ವಾನಳ್ಳಿ ಕಡೆಯ ಗಂಡ ಹೆಂಡತಿ ಮಗಳ ಮದುವೆಯ ಕಾರ್ಡಿಗೆ ಬಂದರು. ಮೊದಲ ಸಲ ಬಂದಾಗ ವಿವರ ಕೊಟ್ಟು ಹೋಗಿದ್ದರು. ಎರಡನೇ ಸಲ ಪ್ರೂಫ್ ನೋಡಲು ಬಂದು ನನ್ನ ಪಕ್ಕದ ಸ್ಟೂಲಿನಲ್ಲೇ ಕೂತರು. ಕಾರ್ಡು ಆಗಲೇ ತಯಾರಾಗಿತ್ತು, ಒಂದೆರಡು ಹೆಸರು ತಿದ್ದುವುದಷ್ಟೇ ಬಾಕಿ.

"ತಂಗಿ, ನೀ ಎಡಗೈಲಿ ಮಾಡ್ತ್ಯಾ?" ಎಂದರು ಗಂಡ.

"ಹೌದು, ನಂಗೆ ಅದೇ ರೂಢಿ."

ಅವರು ಯಜಮಾನರ ಕಡೆ ತಿರುಗಿದರು. "ಬೇರೆ ಯಾರೂ ಇಲ್ಯ? ಶುಭಕಾರ್ಯದ ಕಾಗದ ಎಡಗೈಲಿ ಮಾಡಲಾಗ."

ಕೂಗಿ ಹೇಳಲಿಲ್ಲ. ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎನ್ನುವಷ್ಟೇ ಸಹಜವಾಗಿ ಹೇಳಿದರು. ಯಜಮಾನರು ಎದ್ದು ಬಂದವರೇ ಮೌಸನ್ನು ಬಲಗಡೆ ಎಳೆದಿಟ್ಟರು. "ತಪ್ಪಾತ್ರಿ, ಇನ್ ಮ್ಯಾಲೆ ಹಂಗ ಆಗಂಗಿಲ್ಲ. ಏ, ಈ ಕೈಲೆ ಮಾಡವಾ."

"ಸರ್, ನಂಗೆ ಆ ಕೈಲಿ ಬರೂದಿಲ್ಲ."

"ಬರ್ತದ, ರೂಢಿ ಮಾಡ್ಕೊ. ಗಿರಾಕಿ ಮನಸಿಗೆ ಬ್ಯಾಸರ ಆಗಬಾರ್ದು."

ಅವರೆದುರಿಗೆ ಬಲಗೈಯಲ್ಲಿ ತಡವರಿಸುತ್ತ ಹೆಸರುಗಳನ್ನು ತಿದ್ದಿದೆ.

ಮರುದಿನ ಬಂದು ಕಂಪ್ಯೂಟರ್ ಹಾಕಿದರೆ ಎಲ್ಲ ಹೊಸದರಂತೆ ಇತ್ತು. ಯಜಮಾನರು ಬೆಳಿಗ್ಗೆಯೇ ರಿಪೇರಿಯವನನ್ನು ಕರೆಸಿ ನನ್ನ ಜೋಡಣೆಯನ್ನು ಪೂರ್ತಿ ಅಳಿಸಿ ಹಾಕಿಸಿದ್ದರು. "ಯಾರು ಕುಂತ್ರೂ ಕೆಲಸ ಆಗಬೇಕು ನೋಡು," ಎಂದರು. ಅಲ್ಲಿ ಕೂರಲು ನನ್ನನ್ನು ಬಿಟ್ಟು ಬೇರೆ ಯಾರಿದ್ದರು? ನನ್ನನ್ನೊಂದು ಮಾತು ಕೇಳಬೇಕೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ನನಗೆ ಅಳು ಬರಲಿಲ್ಲ. ಕಟಿಂಗ್ ಮಷಿನ್ನಿನ ಕೋಣೆಗೆ ಹೋಗಿ ರದ್ದಿ ಕಾಗದವನ್ನು ಕೈ ಸೋಲುವವರೆಗೂ ಹರಿದೆ.

ಹತ್ತು ದಿನ ಬಲಗೈಯಲ್ಲಿ ಒದ್ದಾಡಿದೆ. ಅಂಚು ಎಳೆದರೆ ಸೊಟ್ಟ, ಒಂದನ್ನು ಹಿಡಿಯಹೋದರೆ ಇನ್ನೊಂದು ಜಾರುತ್ತಿತ್ತು, ಸಂಜೆಗೆ ಭುಜ ಎತ್ತಲಾಗುತ್ತಿರಲಿಲ್ಲ. ಆಮೇಲೆ ಒಂದು ವಿಷಯ ಹೊಳೆಯಿತು. ಗಿರಾಕಿಗಳು ನೋಡುವುದು ಮೌಸು ಹಿಡಿದ ಕೈಯನ್ನು ಮಾತ್ರ. ಕೀಬೋರ್ಡಿನ ಮೇಲಿನ ಕೈಯನ್ನು ಯಾರೂ ನೋಡುವುದಿಲ್ಲ.

ಮತ್ತೆ ಜೋಡಿಸಲು ಕೂತೆ. ಈ ಸಲ ಎಲ್ಲವನ್ನೂ ಕೀಬೋರ್ಡಿನ ಎಡಭಾಗಕ್ಕೆ ತಂದೆ. ಸರಿಸುವುದು, ನಡುವಿಗೆ ತರುವುದು, ಸಾಲು ಹೊಂದಿಸುವುದು, ಹಿಂದೆ ಮುಂದೆ ಮಾಡುವುದು, ದೊಡ್ಡದು ಸಣ್ಣದು ಮಾಡುವುದು ಎಲ್ಲವೂ ನನ್ನ ಎಡಗೈಯ ಐದು ಬೆರಳುಗಳ ಕೆಳಗೆ ಬಂದವು. ಬಲಗೈ ಮೌಸಿನ ಮೇಲೆ ಕೂತು ಆಗೊಮ್ಮೆ ಈಗೊಮ್ಮೆ ಅಲ್ಲಾಡುತ್ತಿತ್ತು. ತಿಂಗಳೊಳಗೆ ಮೊದಲಿಗಿಂತ ವೇಗವಾಗಿ ಕೆಲಸ ಸಾಗತೊಡಗಿತು.

ಯಜಮಾನರಿಗೆ ಹಿಗ್ಗೋ ಹಿಗ್ಗು. ಬಂದವರಿಗೆಲ್ಲ, "ನೋಡ್ರಿ, ಬಲಗೈಗೆ ಬಂದ ಮ್ಯಾಲೆ ಕೆಲಸ ಹೆಂಗ ಓಡ್ತದ! ನಾನ ತಿದ್ದಿದ್ದು," ಎನ್ನುತ್ತಿದ್ದರು. ಮೊದಲ ಸಲ ಹಾಗೆ ಹೊಗಳಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು ಎಂಬುದನ್ನು ನೆನೆದರೆ ನನ್ನ ಮೇಲೇ ಹೇಸಿಗೆ ಬರುತ್ತದೆ. ಆಮೇಲೆ ಪ್ರತಿ ಸಲವೂ ಹಲ್ಲು ಕಚ್ಚಿಕೊಂಡೆ. ಆದರೂ ಬಾಯಿ ಬಿಡಲಿಲ್ಲ. ಕೆಲಸ ಬೇಕಿತ್ತು.

ಮರುವರ್ಷ ಅದೇ ಗಂಡ ಹೆಂಡತಿ ಮಗನ ಉಪನಯನದ ಕಾರ್ಡಿಗೆ ಬಂದರು. ಅದೇ ಸ್ಟೂಲಿನಲ್ಲಿ ಕೂತು ನನ್ನ ಬಲಗೈ ನೋಡಿ ಗಂಡ ತಲೆದೂಗಿದರು. "ಈಗ ಚೊಲೋ ಆತು ನೋಡು ತಂಗಿ. ಮದುವೆ ಕಾಗದನೂ ರಾಶಿ ಚೊಲೋ ಆಗಿತ್ತು."

ಅದೇಕೆ ಆವತ್ತೇ ಬಾಯಿ ಬಂತೋ ಗೊತ್ತಿಲ್ಲ. "ಆ ಕಾಗದ ಎಡಗೈಲೇ ಆಗಿದ್ದು," ಎಂದೆ. "ನೀವು ಬಂದು ಕೂರೂದರೊಳಗೆ ಮುಗ್ದಿತ್ತು. ಈಗ್ಲೂ ಎಲ್ಲಾ ಎಡಗೈಲೇ ಮಾಡ್ತಿರೂದು. ಬಲಗೈ ನಿಮಗೆ ತೋರ್ಸೂಕೆ ಇಟ್ಟಿದ್ದು. ಮಗಳು ಸುಖವಾಗಿದ್ದಾಳಲ್ಲ?"

ಬಲಗೈ ತೆಗೆದು ಮಡಿಲಲ್ಲಿಟ್ಟುಕೊಂಡೆ. ಎಡಗೈಯಲ್ಲಿ ನಾಲ್ಕು ಕೀ ಒತ್ತಿದೆ. ಗಣಪತಿ ನಡುವಿಗೆ ಬಂತು, ಕೆಳಗಿನ ಸಾಲುಗಳೆಲ್ಲ ನೇರವಾದವು.

ಗಂಡನಿಗಿಂತ ಮೊದಲು ಬಾಯಿ ತೆರೆದವರು ಆ ಹೆಂಡತಿ. ಹಿಂದೆ ಬಂದ ಎರಡೂ ಸಲ ನಾನು ಅವರ ದನಿಯನ್ನೇ ಕೇಳಿರಲಿಲ್ಲ. "ಯಂಗೂ ಸಣ್ಣಕಿದ್ದಾಗ ಎಡಗೈಯೇ ಆಗಿತ್ತು. ಅಪ್ಪಯ್ಯ ಕೈ ಕಟ್ಟಿಹಾಕಿ ತಪ್ಸಿದ. ಈಗ ಎಂತೂ ತೊಂದ್ರೆ ಇಲ್ಲೆ," ಎಂದು ನಕ್ಕರು. ನಾನು ಪ್ರೂಫ್ ತೆಗೆದು ಚಾಚಿದಾಗ ಮೊದಲು ಮುಂದೆ ಬಂದದ್ದು ಅವರ ಎಡಗೈ. ಗಂಡನ ಮುಖ ನೋಡಿದವರೇ ಅದನ್ನು ಹಿಂದೆಳೆದುಕೊಂಡು ಬಲಗೈಯಲ್ಲಿ ತೆಗೆದುಕೊಂಡರು. ಆ ನಗುವನ್ನು ನನ್ನಿಂದ ಸಹಿಸಲಾಗಲಿಲ್ಲ.

ಅವರು ಹೋದ ಮೇಲೆ ಯಜಮಾನರು, "ಗಿರಾಕಿ ಮುಂದ ನನ್ನ ಮರ್ಯಾದಿ ತೆಗದಿ," ಎಂದರು.

"ನನ್ನ ಮರ್ಯಾದೆ ನೀವು ಅವತ್ತೇ ತೆಗೆದಿದ್ರಿ ಸರ್. ಒಂದು ಮಾತು ಕೇಳ್ದೆ ನಂದೆಲ್ಲಾ ಅಳಿಸಿ ಹಾಕಿದ್ರಿ."

"ಏನ್ ಅಳಸೀನಿ? ಕಂಪ್ಯೂಟರ್ ನಂದಲ್ಲೇನು?"

ಅವರು ವಾದಕ್ಕಾಗಿ ಕೇಳಿದ್ದಲ್ಲ, ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ. ನಾನು ಮೌಸನ್ನು ಎತ್ತಿ ಎಡಗಡೆ ಇಟ್ಟುಕೊಂಡೆ. ಅವರು ಅದನ್ನು ನೋಡಿ ತಮ್ಮ ಕುರ್ಚಿಗೆ ಹೋದರು. ಎರಡು ದಿನ ಬಿಟ್ಟು ನನ್ನ ಮೇಜಿನ ಮುಂದೆ ಹಸಿರು ಬಟ್ಟೆಯ ಪರದೆಯೊಂದು ಬಂತು. ಗಿರಾಕಿಗಳು ಆಚೆ, ನಾನು ಈಚೆ. ಅದನ್ನು ಯಜಮಾನರು ತಾವು ನನಗೆ ಮಾಡಿದ ಉಪಕಾರ ಎಂದೇ ತಿಳಿದಿದ್ದರು.

ಆ ಪರದೆಯ ಹಿಂದೆ ಆರು ತಿಂಗಳು ಕೆಲಸ ಮಾಡಿ, ಯಲ್ಲಾಪುರದಲ್ಲಿ ಹೆಂಗಸೊಬ್ಬರು ನಡೆಸುತ್ತಿದ್ದ ಸಣ್ಣ ಡಿಟಿಪಿ ಅಂಗಡಿಗೆ ಸೇರಿದೆ. ಮೊದಲ ದಿನವೇ ಜಗಳಕ್ಕೆ ತಯಾರಾಗಿ ಹೋಗಿದ್ದೆ. "ನಾನು ಎಡಗೈಲಿ ಕೆಲಸ ಮಾಡೂದು. ಸಾಫ್ಟ್‌ವೇರು ನಂಗೆ ಬೇಕಾದ ಹಾಗೆ ಇಟ್ಕಳ್ತೆ. ನನ್ನ ಕೇಳ್ದೆ ಯಾರೂ ಮುಟ್ಟೂಕಾಗ," ಎಂದೆ.

ಅವರು ಲೆಕ್ಕದ ಪುಸ್ತಕದಿಂದ ತಲೆಯನ್ನೂ ಎತ್ತಲಿಲ್ಲ. "ಅದ್ರಲ್ಲೆಂತ ಇದೆ? ಇಟ್ಕ," ಎಂದರು.

ಒಂದೇ ಮಾತು, ಮುಗಿದುಹೋಯಿತು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಸಂಜೆ ಶಿರಸಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ಸುಲಭದಲ್ಲಿ ಹೇಳಬಹುದಾಗಿದ್ದ ಮಾತು, ಆವರೆಗೆ ನನಗೆ ಅದನ್ನು ಯಾರೂ ಹೇಳಿರಲಿಲ್ಲ.